ಯರಿ ನೆಲ, ಸವಳು ನೀರು: ರಾಯಚೂರಿನ 30×40 ಸೈಟಿನ ಅಂಗಳ

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಎರಡು ಬಗೆಯ ಅಂಗಳ ಕಣ್ಣಿಗೆ ಬೀಳುತ್ತವೆ. ಒಂದರಲ್ಲಿ ಗೇಟಿನಿಂದ ಹೊಸ್ತಿಲವರೆಗೆ ಪೂರ್ತಿ ಸಿಮೆಂಟು ಇಲ್ಲವೇ ಟೈಲ್ಸು. ಮೇ ತಿಂಗಳಲ್ಲಿ ರಾತ್ರಿ ಹತ್ತಾದರೂ ಆ ನೆಲ ಕಾವು ಬಿಡುತ್ತಿರುತ್ತದೆ. ಇನ್ನೊಂದರಲ್ಲಿ ನರ್ಸರಿಯಿಂದ ತಂದ ಹುಲ್ಲುಹಾಸು, ಗುಲಾಬಿ, ಇಕ್ಸೋರಾ. ಮೊದಲ ಮಳೆಗಾಲದಲ್ಲಿ ಮಿರಮಿರ ಮಿಂಚಿದ ಆ ಗಿಡಗಳು ಮುಂದಿನ ಏಪ್ರಿಲ್ ಹೊತ್ತಿಗೆ ಎಲೆಯಂಚು ಸುಟ್ಟುಕೊಂಡು ನಿಂತಿರುತ್ತವೆ. ಎರಡನೆಯ ಅಂಗಳದ ಗತಿ ನೋಡಿದವರೇ ಮೊದಲನೆಯದಕ್ಕೆ ಹೋಗುತ್ತಾರೆ. ಬೈಗುಳ ಬೀಳುವುದು ಬಿಸಿಲಿಗೆ. ನಿಜವಾಗಿ ಗಿಡ ಕೊಲ್ಲುವುದು ಯರಿ ಮಣ್ಣಿನ (ಕಪ್ಪು ಜೇಡಿ ಮಣ್ಣಿನ) ಸ್ವಭಾವ ಮತ್ತು ಬೋರಿನ ಉಪ್ಪು ತಿಳಿಯದೆ ನೆಟ್ಟ ತಪ್ಪು. ನೆಲ, ನೀರು ಹರಿಯುವ ದಾರಿ, ನೆರಳಿನ ದಿಕ್ಕು ಇವು ಮೂರನ್ನು ಮೊದಲು ಸರಿಮಾಡಿಕೊಂಡರೆ ಗಿಡ ಆರಿಸುವುದು ಅರ್ಧ ಗಂಟೆಯ ಕೆಲಸ.

ಯರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಖಾಲಿ ಸೈಟಿನ ಬಿರುಕಿಗೆ ಕೈಬೆರಳು ಸಲೀಸಾಗಿ ಇಳಿಯುತ್ತದೆ. ಈ ಒಂದೇ ಗುಣದಿಂದ ಹಾಸಿದ ಕಲ್ಲು ಏಳುತ್ತದೆ, ಕಂಪೌಂಡು ಸೀಳುತ್ತದೆ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಕೋಟೆಯ ಗುಡ್ಡದ ಆಸುಪಾಸಿನಂತೆ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ನೆಲ ಇರುವ ಕಡೆ ಇಷ್ಟು ತಾಪತ್ರಯವಿಲ್ಲ. ನಿಮ್ಮದು ಯಾವುದೆಂದು ತಿಳಿಯಲು ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಎರಡನೇ ಸಲ ತುಂಬಿಸಿ, ಒಂದು ಕಡ್ಡಿ ಇಳಿಬಿಟ್ಟು ಗುರುತು ಹಾಕಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಅದು ನೀರು ನಿಲ್ಲುವ ನೆಲ, ಅಲ್ಲಿ ಗಿಡವನ್ನು ಏರಿಸಿಯೇ ನೆಡಬೇಕು. ಮೊದಲ ಸಲದ ಅಳತೆ ನಂಬಬೇಡಿ. ಒಣ ಯರಿಯ ಬಿರುಕಿನಲ್ಲಿ ನೀರು ಗಟಗಟ ಇಳಿದುಹೋಗುತ್ತದೆ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನಿಂತೇಬಿಡುತ್ತದೆ.

ಜೊತೆಗೆ ಅರ್ಧ ಕಿಲೋ ಮಣ್ಣು, ಒಂದು ಬಾಟಲಿ ಬೋರಿನ ನೀರು ಪರೀಕ್ಷೆಗೆ ಕೊಡಿ. ನೀರಿನ ವರದಿಯಲ್ಲಿ ನೋಡಬೇಕಾದ ಅಂಕಿ ಇ.ಸಿ., ಅಂದರೆ ನೀರಿನ ವಿದ್ಯುತ್ ವಾಹಕತೆ; ಉಪ್ಪು ಹೆಚ್ಚಿದಷ್ಟೂ ಅದು ಹೆಚ್ಚು. ಇಲ್ಲಿನ ಅಂಕಿಗಳು ಡೆಸಿಸೀಮನ್ಸ್/ಮೀಟರ್ (dS/m) ಲೆಕ್ಕದವು. ಅದು 0.75 ಒಳಗಿದ್ದರೆ ಹೆಚ್ಚುಕಡಿಮೆ ಏನು ಬೇಕಾದರೂ ಬೆಳೆಯಬಹುದು. 0.75ರಿಂದ 2.25ರವರೆಗೆ ಉಪ್ಪು ತಾಳುವ ಗಿಡಗಳು ಮಾತ್ರ. ಅದಕ್ಕೂ ಮೇಲಾದರೆ ಆ ನೀರನ್ನು ಮಳೆನೀರಿನ ಜೊತೆ ಬೆರೆಸದೆ ಹಾಕಬೇಡಿ. ಕರಗಿದ ಉಪ್ಪು ಅಳೆಯುವ, ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮೀಟರ್ ಇದ್ದವರು ಅದರ ಪಿ.ಪಿ.ಎಂ. ಅಂಕಿಯನ್ನು 640ರಿಂದ ಭಾಗಿಸಿದರೆ ಇ.ಸಿ. ಅಂದಾಜು ಸಿಗುತ್ತದೆ. ಮಣ್ಣಿನ ಪಿ.ಎಚ್. (ಹುಳಿ-ಕ್ಷಾರದ ಅಳತೆ) 8.5 ದಾಟಿದ್ದರೆ ಸೋಡಿಯಂ ಜಾಸ್ತಿ ಇರುವ ಸಾಧ್ಯತೆ ಹೆಚ್ಚು. ಆಗ ವರದಿ ಹೇಳಿದಷ್ಟು ಜಿಪ್ಸಂ ಹಾಕಬೇಕು. ಎಕರೆಗೆ ಎರಡು ಟನ್ ಎಂದು ಬರೆದಿದ್ದರೆ ನಿಮ್ಮ 100 ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ಆಗುತ್ತದೆ. ವರದಿ ಇಲ್ಲದೆ ಜಿಪ್ಸಂ ಸುರಿದು ಲಾಭವಿಲ್ಲ. ಬರೀ ಉಪ್ಪಿನ ಸಮಸ್ಯೆಗೆ ಅದು ಮದ್ದಲ್ಲ.

ಇನ್ನು ಕಾಲುದಾರಿ. ನಮ್ಮ ಕಡೆ ಶಹಾಬಾದ್ ಪರಸಿ (ಹಾಸುಗಲ್ಲು) ಸುಲಭವಾಗಿ ಸಿಗುತ್ತದೆ, ನೋಡಲೂ ಚೆಂದ. ಕೆಡುವುದು ಅದರ ಕೆಳಗಿನ ಕೆಲಸ. ಗೌಂಡಿಗಳು ಯರಿ ಮಣ್ಣಿನ ಮೇಲೆಯೇ ಎರಡು ಇಂಚು ಸಿಮೆಂಟು ಕಲಸಿ ಹಾಕಿ ಪರಸಿ ಕೂಡಿಸುತ್ತಾರೆ. ಮೊದಲ ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಸಂದು ಒಡೆಯುತ್ತದೆ, ಕಲ್ಲು ಒಂದು ಮೂಲೆ ಎತ್ತಿ ಎಡವಿಸುತ್ತದೆ. ಹಾಗಾಗಬಾರದು ಎಂದರೆ 9 ಇಂಚು ಯರಿ ಮಣ್ಣು ತೆಗೆದು ಹೊರಗೆ ಹಾಕಿ. ಅಲ್ಲಿ 6 ಇಂಚು ಗರಸನ್ನು ಎರಡು ಪದರದಲ್ಲಿ ಹರವಿ. ಒಂದೊಂದು ಪದರಕ್ಕೂ ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಿರಿ. ಹಿಮ್ಮಡಿ ಒತ್ತಿದರೆ ಗುರುತು ಬೀಳಬಾರದು, ಅಷ್ಟು ಗಟ್ಟಿಯಾಗಲಿ. ಮೇಲೆ 2 ಇಂಚು ಕ್ರಷರ್ ಪುಡಿ, ಅದರ ಮೇಲೆ ಪರಸಿ. ಕಲ್ಲಿನಿಂದ ಕಲ್ಲಿಗೆ ಅರ್ಧ ಇಂಚು ಸಂದು ಬಿಟ್ಟು ಅದಕ್ಕೂ ಪುಡಿಯನ್ನೇ ತುಂಬಿ, ಸಿಮೆಂಟು ಬೇಡ. ಸಂದಿನಲ್ಲಿ ಮಳೆನೀರು ಇಳಿಯುತ್ತದೆ, ನೆಲ ಅಲುಗಿದರೆ ಕಲ್ಲೂ ಜೊತೆಗೆ ಅಲುಗಿ ಕೂತುಕೊಳ್ಳುತ್ತದೆ. ಒಂದು ಕಲ್ಲು ಎದ್ದರೆ ಅದೊಂದನ್ನೇ ಕಿತ್ತು ಪುಡಿ ಸರಿಮಾಡಿ ಮತ್ತೆ ಇಟ್ಟರಾಯಿತು. 20 ಅಡಿ ಉದ್ದ, 3 ಅಡಿ ಅಗಲದ ದಾರಿಗೆ 2×2 ಅಡಿಯ ಕಲ್ಲು ಲೆಕ್ಕಕ್ಕೆ 15 ಬೇಕು, ಕತ್ತರಿಸುವಾಗ ಒಡೆಯುವುದಕ್ಕೆಂದು ಎರಡು ಹೆಚ್ಚು ತರಿಸಿ. ಗರಸು ಬಡಿದ ಮೇಲೆ 30 ಘನ ಅಡಿ ನಿಲ್ಲಬೇಕು, ಹಾಗಾಗಿ ಸಡಿಲವಾಗಿ 40 ಘನ ಅಡಿ ಬೇಕಾಗುತ್ತದೆ. ಕ್ರಷರ್ ಪುಡಿ 10ರಿಂದ 12 ಘನ ಅಡಿ. ಇಳಿಜಾರು ಯಾವಾಗಲೂ ಮನೆಯಿಂದ ಹೊರಗೆ, 5 ಅಡಿಗೆ ಒಂದು ಇಂಚು.

ಗೋಡೆಗೆ ಅಂಟಿಕೊಂಡು 3 ಅಡಿ ಜಾಗವನ್ನು ಮಾತ್ರ ಸಿಮೆಂಟಿನಿಂದಲೇ ಮುಚ್ಚಿ, ಹೊರಕ್ಕೆ ಇಳಿಜಾರು ಕೊಡಿ. ಯರಿ ನೆಲದಲ್ಲಿ ಪಾಯದ ಪಕ್ಕ ಒಂದು ಕಡೆ ದಿನಾ ನೀರು, ಇನ್ನೊಂದು ಕಡೆ ಒಣ ಎಂದಾದರೆ ಒಂದು ಮಗ್ಗುಲು ಉಬ್ಬಿ ಒಂದು ಮಗ್ಗುಲು ಕುಗ್ಗಿ ಗೋಡೆ ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಬಹಳ ಸಲ ಇದರದ್ದೇ. ಆದ್ದರಿಂದ ಕಿಟಕಿ ಕೆಳಗೆ ಗೋಡೆಗೆ ತಾಗಿಸಿ ಹೂವಿನ ಮಡಿ ಕಟ್ಟುವ ಚಾಳಿ ಇಲ್ಲಿಗೆ ಒಗ್ಗುವುದಿಲ್ಲ. ಮಡಿ ಕಂಪೌಂಡಿನ ಕಡೆ ಇರಲಿ, ಅದಕ್ಕೂ ಒಂದೂವರೆ ಅಡಿ ಬಿಟ್ಟು.

ಮಳೆನೀರಿನ ಲೆಕ್ಕ ಒಮ್ಮೆ ಮಾಡಿ ನೋಡಿ. ಮಾಳಿಗೆ 1000 ಚದರ ಅಡಿ, ಅಂದರೆ 93 ಚದರ ಮೀಟರ್. 10 ಮಿ.ಮೀ. ಮಳೆಗೆ ಅದರ ಮೇಲೆ 930 ಲೀಟರ್ ಬೀಳುತ್ತದೆ, ನಷ್ಟ ಕಳೆದು ಸುಮಾರು 750 ಲೀಟರ್ ಕೈಗೆ ಸಿಗುತ್ತದೆ. ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೂ 44,000 ಲೀಟರ್ ಆಯಿತು. ಒಂದು ಹನಿ ಉಪ್ಪಿಲ್ಲದ ನೀರು ಅದು. ಯರಿ ನೆಲದಲ್ಲಿ ಮನೆ ಪಕ್ಕದಲ್ಲೇ ಇಂಗುಗುಂಡಿ ತೋಡುವುದು ಪಾಯಕ್ಕೆ ಕೇಡು, ಇಲ್ಲಿ ಸಂಗ್ರಹವೇ ಮೇಲು. ಮಾಳಿಗೆಯ ಪೈಪಿನ ಕೆಳಗೆ 1000 ಇಲ್ಲವೇ 2000 ಲೀಟರಿನ ಟ್ಯಾಂಕು ಕೂಡಿಸಿ, ಬಾಯಿಗೆ ಸೊಳ್ಳೆ ಜಾಳಿಗೆ ಕಟ್ಟಿ, ತುಂಬಿ ಹೆಚ್ಚಾದ ನೀರನ್ನು ಪೈಪಿನಲ್ಲಿ ಹೊರಗಿನ ಮರದ ಪಾತಿಗೆ ಬಿಡಿ. ಸೆಪ್ಟೆಂಬರಿನ ಮಳೆ ನಿಲ್ಲುವ ಹೊತ್ತಿಗೆ ಟ್ಯಾಂಕು ತುಂಬಿರಬೇಕು. ಆ ನೀರು ಮಲ್ಲಿಗೆ, ಕರಿಬೇವು, ಕುಂಡಗಳಿಗೆ ಮೀಸಲು. ಬೋರಿನ ನೀರು ಮರಗಳಿಗೆ.

ನೀರಿನ ವಿಷಯದಲ್ಲಿ ಇನ್ನೊಂದು ಮಾತು ಒತ್ತಿ ಹೇಳಲೇಬೇಕು. ಆರ್.ಒ. ಮಿಷನ್ನು ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವುದು ಉಳಿತಾಯ ಎಂದು ಬಹಳ ಮಂದಿ ತಿಳಿದಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಬೋರಿನ ನೀರಿಗಿಂತ ಅದು ಹೆಚ್ಚು ಸವಳು. ನೆಲ ಒರೆಸಲು, ಗಾಡಿ ತೊಳೆಯಲು ಬಳಸಿ, ಕುಂಡಕ್ಕೆ ಬೇಡ. ವಾಷಿಂಗ್ ಮಿಷನ್ನಿನ ನೀರು ಇನ್ನೂ ಕೆಟ್ಟದ್ದು. ಸಾಬೂನು ಪುಡಿಯ ಸೋಡಿಯಂ ಸೇರಿದರೆ ಯರಿ ಮಣ್ಣಿನ ಹೆಂಟೆ ಕರಗಿ, ಮೇಲ್ಮೈ ಮೇಣ ಬಳಿದ ಹಾಗೆ ಮುಚ್ಚಿಕೊಳ್ಳುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ.

ಈಗ ನೆರಳು. ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಆಗ ಗೋಡೆಗಳ ಮೇಲೆ ಬಿಸಿಲೇ ಬೀಳುವುದಿಲ್ಲ, ಮಾಳಿಗೆ ಕಾಯುತ್ತದೆ. ಗೋಡೆ ಕಾಯುವುದು ಮೂರರಿಂದ ಆರು ಗಂಟೆಯ ಇಳಿಬಿಸಿಲಿಗೆ, ಅದು ಬರುವುದು ಪಶ್ಚಿಮದಿಂದ ತುಸು ಉತ್ತರಕ್ಕೆ ವಾಲಿ. ಹಾಗಾಗಿ ಇರುವುದು ಒಂದೇ ಮರಕ್ಕೆ ಜಾಗವಾದರೆ ಅದು ಪಶ್ಚಿಮಕ್ಕೇ ಇರಲಿ. ಮರ ಯಾವುದು ಎನ್ನುವಾಗ ಬೇಸಿಗೆಯಲ್ಲಿ ಅದರ ಮೈಮೇಲೆ ಎಲೆ ಇರುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಬೇವು, ಹೊಂಗೆ ಎರಡೂ ಚಳಿ ಮುಗಿಯುವಾಗ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರು ತಳೆಯುತ್ತವೆ. ಮೇ ಬರುವುದರೊಳಗೆ ದಟ್ಟ ನೆರಳು. ಗುಲ್‌ಮೊಹರ್ ಹೂವು ಎಷ್ಟು ಚೆಂದವಾದರೂ ನೆರಳು ಬೇಕಾದ ಕಾಲಕ್ಕೆ ಬೋಳು ಕೊಂಬೆ. ಬೇರು ಮೇಲೆಮೇಲೆ ಹೋಗುವುದರಿಂದ ಗಾಳಿಮಳೆಗೆ ಬುಡಸಮೇತ ಉರುಳುವುದೂ ಉಂಟು. ಬೇಗ ಹಸಿರಾಗುತ್ತದೆ ಎಂದು ನರ್ಸರಿಗಳಲ್ಲಿ ಕೋನೋಕಾರ್ಪಸ್ ಕೊಡುತ್ತಾರೆ. ಅದರ ಬೇರು ನೀರಿನ ಪೈಪು, ಚರಂಡಿಗಳಿಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಆಲ, ಅರಳಿಗೆ ಊರ ಕಟ್ಟೆಯೇ ಜಾಗ, 30×40 ಸೈಟಲ್ಲ.

ಬೇವು ಮನೆಯ ಪಾಯದಿಂದ 15 ಅಡಿಯಾದರೂ ದೂರ ಇರಬೇಕು. ಬೇಸಿಗೆಯಲ್ಲಿ ಅದು ನೆಲದ ಹಸಿಯನ್ನು ಎಳೆದುಕೊಂಡಾಗ ಆ ಸುತ್ತಿನ ಯರಿ ಮಣ್ಣು ಹೆಚ್ಚು ಕುಗ್ಗುತ್ತದೆ. ಅಂದರೆ ಸಣ್ಣ ಸೈಟಿನಲ್ಲಿ ಬೇವು, ಹೊಂಗೆಯ ಜಾಗ ಕಂಪೌಂಡಿನ ಆಚೆ, ರಸ್ತೆಯ ಅಂಚು. ಒಳಗೆ ಕರಿಬೇವು, ದಾಳಿಂಬೆ, ಪೇರಲ, ಬಿಲ್ವಪತ್ರೆ ಸಾಕು. ದಾಳಿಂಬೆ ಉಪ್ಪನ್ನು ಚೆನ್ನಾಗಿ ತಾಳುತ್ತದೆ, ನಿಂಬೆ ತಾಳುವುದಿಲ್ಲ.

ಪಶ್ಚಿಮಕ್ಕೆ ಮರಕ್ಕೆ ಜಾಗವೇ ಇಲ್ಲದವರು ಬಳ್ಳಿಯ ಪರದೆ ಕಟ್ಟಬಹುದು. ಒಂದೂವರೆ ಇಂಚಿನ, 10 ಅಡಿ ಉದ್ದದ ಜಿ.ಐ. ಪೈಪು 2 ಅಡಿ ನೆಲದೊಳಗೆ, 8 ಅಡಿ ಮೇಲೆ. 6 ಅಡಿಗೊಂದು ಕಂಬ, ಅಡಿಗೊಂದರಂತೆ ಅಡ್ಡ ತಂತಿ. ಪರದೆ ಗೋಡೆ ಪಕ್ಕದ 3 ಅಡಿ ಸಿಮೆಂಟಿನ ಆಚೆಗೇ ಇರಲಿ, ನಡುವೆ ಗಾಳಿಯೂ ಆಡುತ್ತದೆ. ಗೋಡೆಗೇ ಅಂಟಿಸಿ ಹಬ್ಬಿಸಿದರೆ ಇರುವೆ, ಗೆದ್ದಲು, ಸುಣ್ಣ ಉದುರುವುದು, ಎಲ್ಲವೂ ಒಟ್ಟಿಗೆ ಬರುತ್ತವೆ. ರಂಗೂನ್ ಮಲ್ಲಿಗೆ ಎರಡು ವರ್ಷದಲ್ಲಿ ತುಂಬಿಕೊಳ್ಳುತ್ತದೆ. ಮೊದಲ ವರ್ಷ ಅದು ಹಬ್ಬುವವರೆಗೆ ಹೀರೆ, ತೊಂಡೆ ಬಿಡಿ. ನೆರಳೂ ಆಯಿತು, ಪಲ್ಯಕ್ಕೂ ಆಯಿತು.

ಗುಂಡಿ ತೋಡುವ ರೀತಿಯಲ್ಲೇ ಯರಿ ನೆಲದ ಗಿಡದ ಅರ್ಧ ಆಯುಷ್ಯ ನಿರ್ಧಾರವಾಗುತ್ತದೆ. ಏಪ್ರಿಲ್‌ನಲ್ಲಿ 2 ಅಡಿ ಉದ್ದ, ಅಗಲ, ಆಳದ ಚೌಕ ಗುಂಡಿ ತೋಡಿ ಮೂರು ವಾರ ಬಿಸಿಲಿಗೆ ಬಿಡಿ. ದುಂಡು ಗುಂಡಿಯಲ್ಲಿ ಬೇರು ಸುತ್ತುತ್ತಾ ಕೂರುತ್ತದೆ, ಚೌಕದ ಮೂಲೆಗೆ ತಾಗಿದಾಗ ಹೊರಗೆ ಹೊರಳುತ್ತದೆ. ಸಲಿಕೆ ಎಳೆದ ಯರಿ ಮಣ್ಣಿನ ಗೋಡೆ ಗಡಿಗೆಯ ಮೈಯಂತೆ ನುಣುಪಾಗಿರುತ್ತದೆ, ಎಳೆಯ ಬೇರು ಅದನ್ನು ಒಡೆದು ಹೋಗಲಾರದು. ಅದಕ್ಕೇ ಹಾರೆಯ ತುದಿಯಿಂದ ನಾಲ್ಕೂ ಕಡೆ ಗೀರಿ ಒರಟು ಮಾಡಬೇಕು. ತುಂಬುವಾಗ ಬಹಳ ಜನ ಮಾಡುವ ತಪ್ಪು ಎರಡು. ಒಂದು, ತೋಡಿದ ಮಣ್ಣೆಲ್ಲ ಎಸೆದು ಬರೀ ಕೆಂಪು ಮಣ್ಣು, ಗೊಬ್ಬರ ತುಂಬುವುದು. ಸುತ್ತ ಬಿಗಿ ಯರಿ, ನಡುವೆ ಸಡಿಲ ಮಣ್ಣು ಎಂದಾದಾಗ ಓಣಿಯ ಮಳೆನೀರೆಲ್ಲ ಆ ಗುಂಡಿಗೇ ಬಂದು ನಿಲ್ಲುತ್ತದೆ, ಗಿಡ ಬಾನಿಯಲ್ಲಿ ನಿಂತ ಹಾಗೆ. ಇನ್ನೊಂದು, ನೀರು ಬಸಿಯಲೆಂದು ತಳಕ್ಕೆ ಖಡಿ (ಜಲ್ಲಿಕಲ್ಲು) ಹಾಕುವುದು. ಸಣ್ಣ ಕಣದ ಮಣ್ಣಿನಲ್ಲಿರುವ ನೀರು ಆ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಖಡಿಯ ಪದರಕ್ಕೆ ಇಳಿಯುವುದೇ ಇಲ್ಲ. ಬೇರಿನ ಮಟ್ಟದಲ್ಲೇ ಕೆಸರು ನಿಲ್ಲುತ್ತದೆ. ತೋಡಿದ ಮಣ್ಣನ್ನೇ ಹೆಂಟೆ ಒಡೆದು ಮುಕ್ಕಾಲು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಾಲು ಪಾಲು, ಗೆದ್ದಲಿಗೆ ಅರ್ಧ ಕಿಲೋ ಬೇವಿನ ಹಿಂಡಿ, ಇಷ್ಟು ಸಾಕು. ಸುತ್ತಲಿನ ನೆಲಕ್ಕಿಂತ 6 ಇಂಚು ಎತ್ತರಕ್ಕೆ ಗುಡ್ಡೆ ಮಾಡಿ, ಎರಡು ಮಳೆಗೆ ಅದು ಕುಸಿದು 3 ಇಂಚಿಗೆ ನಿಲ್ಲುತ್ತದೆ.

ನೆಡುವುದು ಜೂನ್ ಕೊನೆಗೆ, ನೆಲ ಒಂದು ಅಡಿ ನೆನೆದ ಮೇಲೆ. ಆಂಧ್ರದ ಕಡಿಯಂ ಕಡೆಯಿಂದ ಬರುವ ಗಿಡಗಳ ಬೇರಿನ ಸುತ್ತ ಬಿಗಿಯಾದ ಮಣ್ಣಿನ ಉಂಡೆ ಇರುತ್ತದೆ. ತಂದ ದಿನವೇ ನೆಡದೆ ಎರಡು ವಾರ ನೆರಳಿನಲ್ಲಿಟ್ಟು, ನೆಡುವಾಗ ಉಂಡೆಯ ಹೊರಮೈಯನ್ನು ಕೈಯಿಂದ ತುಸು ಉದುರಿಸಿ. ಸುರುಳಿ ಸುತ್ತಿದ ಬೇರಿದ್ದರೆ ಚಾಕುವಿನಿಂದ ಮೂರು ಕಡೆ ಉದ್ದುದ್ದ ಸೀಳಬೇಕು. ಹಾಗೇ ಬಿಟ್ಟರೆ ಐದು ವರ್ಷವಾದ ಮೇಲೆ ಆ ಬೇರೇ ಬುಡವನ್ನು ಬಿಗಿಯುತ್ತದೆ.

ಮಲ್ಲಿಗೆ, ಗುಲಾಬಿ, ತುಳಸಿ, ಸೊಪ್ಪು ಬೇಕೆಂದರೆ ಏರುಮಡಿ. ಪರಸಿಯ ತುಂಡುಗಳನ್ನು ನಿಲ್ಲಿಸಿ, 6 ಇಂಚು ನೆಲದೊಳಗೆ ಹೂತು, ಒಂದು ಅಡಿ ಮೇಲೆ ಬಿಡಿ. ಎರಡು ಅಡಿಗೊಂದು ನೀರು ಹೋಗುವ ಸಂದು ಇರಲಿ. ಶಕ್ತಿನಗರದ ಕಡೆಯ ಹಾರುಬೂದಿ (ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿ) ಇಟ್ಟಿಗೆಯಲ್ಲಿ ಕಟ್ಟಿದರೂ ನಡೆದೀತು, ಆದರೆ ಹಾರುಬೂದಿಯನ್ನು ಮಣ್ಣಿಗೆ ಬೆರೆಸಬೇಡಿ. 8×3 ಅಡಿಯ ಮಡಿಗೆ ಕೆಂಪು ಮಣ್ಣು 17 ಘನ ಅಡಿ, ತಿಪ್ಪೆಗೊಬ್ಬರ 8, ಭತ್ತದ ಹೊಟ್ಟು 4. ಕುಸಿದ ಮೇಲೆ 24 ಘನ ಅಡಿ ಉಳಿಯುತ್ತದೆ. ಹೊಟ್ಟಿಗೆ ರೈಸ್‌ಮಿಲ್ಲುಗಳ ಈ ಊರಲ್ಲಿ ಬರವಿಲ್ಲ. ಹಸಿ ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ತಿನ್ನುತ್ತದೆ, ಗಿಡ ಬಿಳಿಚಿಕೊಳ್ಳುತ್ತದೆ. ಸಗಣಿ ನೀರಿನಲ್ಲಿ ಒಂದು ತಿಂಗಳು ನೆನೆಸಿಟ್ಟು ಬಳಸಿ. ಮಿಲ್ಲಿನ ಸುಟ್ಟ ಬೂದಿ ಕ್ಷಾರ, ನಮ್ಮ ಮಣ್ಣೂ ಕ್ಷಾರ, ಅದನ್ನು ಹಾಕದಿರುವುದೇ ಒಳ್ಳೆಯದು.

ಗುಲಾಬಿ, ದಾಸವಾಳ, ಇಕ್ಸೋರಾಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಯರಿ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದಂಶ ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಬುಡಕ್ಕೆ ಎಷ್ಟು ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿದರೂ ಅದೂ ಹಾಗೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆಹುಳಿ ಪುಡಿ (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆಯ ಮೇಲೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಹುಲ್ಲುಹಾಸು ಬೇಡ ಎಂದೇ ನಮ್ಮ ಸಲಹೆ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರಾದರೂ ಬೇಕು. 100 ಚದರ ಅಡಿಗೆ 45 ಲೀಟರ್, ಅದೂ ಉಪ್ಪಿನ ನೀರಾದರೆ ಮೇಲೆ ಬಿಳಿ ಹಿಟ್ಟು. ಮಕ್ಕಳಿಗೆ ಕಾಲಾಡಿಸಲು ಹಸಿರು ಬೇಕೆಂದರೆ ಗರಿಕೆ ಹಚ್ಚಿ. ಉಪ್ಪು, ಬಿಸಿಲು, ತುಳಿತ ಮೂರಕ್ಕೂ ಅದು ಬಗ್ಗದು, ಗಣಪನ ಪೂಜೆಗೂ ಕೊರತೆಯಿಲ್ಲ.

ನೀರು ಕೊಡುವ ಪದ್ಧತಿಗಳಲ್ಲಿ ಗಡಿಗೆಯದು ಸಣ್ಣ ಅಂಗಳಕ್ಕೆ ಹೇಳಿ ಮಾಡಿಸಿದ್ದು. ಐದು ಲೀಟರಿನ, ಬಣ್ಣ ಬಳಿಯದ ಮಣ್ಣಿನ ಗಡಿಗೆ ತನ್ನಿ. ನೀರು ತುಂಬಿಸಿ ರಾತ್ರಿಯಿಡೀ ಇಟ್ಟಾಗ ಬೆಳಿಗ್ಗೆ ಹೊರಮೈ ಬೆವರಿರಬೇಕು, ಬೆವರದಿದ್ದರೆ ಅದು ಕೆಲಸಕ್ಕೆ ಬಾರದು. ಎರಡು ಗಿಡಗಳ ನಡುವೆ ಕುತ್ತಿಗೆಯವರೆಗೆ ಹೂಳಿ, ಸುತ್ತಲಿನ ಮಣ್ಣನ್ನು ಪೊಳ್ಳು ಉಳಿಯದಂತೆ ಅದುಮಿ, ಬಾಯಿಗೆ ಪರಸಿಯ ಚೂರು ಮುಚ್ಚಿ. ಮಣ್ಣು ಒಣಗಿದಷ್ಟು ಗಡಿಗೆ ಜಿನುಗುತ್ತದೆ, ಹಸಿ ಇದ್ದರೆ ತಾನೇ ಸುಮ್ಮನಿರುತ್ತದೆ. ವಾರಕ್ಕೆ ಎರಡು ಸಲ ತುಂಬಿಸಿದರೆ ಸಾಕು. ಇದಕ್ಕೆ ಮಳೆನೀರೇ ಬೇಕು. ಸವಳು ನೀರು ತುಂಬಿಸಿದರೆ ಉಪ್ಪು, ಸುಣ್ಣ ಸೇರಿ ಗಡಿಗೆಯ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಡ್ರಿಪ್ ಹಾಕಿಸಿದವರಿಗೂ ಇದೇ ಕಾಟ. ಹದಿನೈದು ದಿನಕ್ಕೊಮ್ಮೆ ಕೊನೆಯ ಮುಚ್ಚಳ ಬಿಚ್ಚಿ ಪೈಪು ತೊಳೆಯಬೇಕು.

ಎಳೆಯ ಮರಕ್ಕೆ ಮೊದಲ ಬೇಸಿಗೆಯಲ್ಲಿ ದಿನಾ ಒಂದು ತಂಬಿಗೆ ನೀರು ಹಾಕುವುದಕ್ಕಿಂತ ಐದು ದಿನಕ್ಕೊಮ್ಮೆ 20 ಲೀಟರ್ ಹಾಕಿ. ತಂಬಿಗೆ ನೀರು ಮೇಲಿನ ಎರಡು ಇಂಚು ಮಾತ್ರ ನೆನೆಸುತ್ತದೆ, ಬೇರೂ ಅಲ್ಲೇ ಉಳಿಯುತ್ತದೆ, ಉಪ್ಪೂ ಅಲ್ಲೇ ಕೂಡುತ್ತದೆ. ಪಾತಿಯ ಮೇಲೆ 3 ಇಂಚು ಒಣ ಎಲೆ ಇಲ್ಲವೇ ಕತ್ತರಿಸಿದ ಹತ್ತಿ ಕಟ್ಟಿಗೆ ಹರವಿ, ಬುಡದಿಂದ ನಾಲ್ಕು ಇಂಚು ಬಿಟ್ಟು. ಬಿರುಕು ಬಿಡುವುದು ತಪ್ಪುತ್ತದೆ. ಬಿರುಕು ಬಿಟ್ಟರೆ ಎಳೆ ಬೇರು ಹರಿಯುತ್ತದೆ, ಹಾಕಿದ ನೀರೂ ಬಿರುಕಿನಲ್ಲೇ ಹೋಗುತ್ತದೆ.

ರಸ್ತೆ ಅಂಚಿನ ಮರಕ್ಕೆ ಇನ್ನೂ ಕೆಲವು ಮಾತು. ಮೇಲೆ ಕರೆಂಟಿನ ತಂತಿ ಇದ್ದರೆ ಬೇವು ಬೇಡ, ಸೀತಾಫಲ, ಪಾರಿಜಾತದಂಥ 15 ಅಡಿಯೊಳಗಿನ ಗಿಡ ಹಾಕಿ. ಕಣಗಿಲೆ ಗಟ್ಟಿ ಗಿಡವೇ, ಆದರೆ ಎಲೆ, ಹೂವು, ಕಾಂಡ ಎಲ್ಲ ವಿಷ. ಮಕ್ಕಳು ಆಡುವ ಓಣಿಯಲ್ಲಿ ಯೋಚಿಸಿ ನೆಡಿ. ಫುಟ್‌ಪಾತ್ ಹಾಸುವಾಗ ಬುಡದ ಸುತ್ತ 3×3 ಅಡಿ ಮಣ್ಣು ಬಿಡುವಂತೆ ಗುತ್ತಿಗೆದಾರರ ಹತ್ತಿರ ನಿಂತು ಹೇಳಿಸಿ. ಬುಡಕ್ಕೆ ಸಿಮೆಂಟು ಒತ್ತಿದರೆ ಮರ ದಪ್ಪವಾದಂತೆ ತೊಗಟೆ ಸೀಳುತ್ತದೆ, ನೀರೂ ಇಳಿಯುವುದಿಲ್ಲ. ಬೆಳೆದ ಮೇಲೆ ಕಡಿಯಬೇಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಆದ್ದರಿಂದ ಜಾಗ ಆರಿಸುವಾಗಲೇ ಅಕ್ಕಪಕ್ಕದ ಮನೆಯವರನ್ನು ಕೇಳಿಬಿಡಿ. ಆಡು, ದನಗಳಿಗೆ 5 ಅಡಿ ಎತ್ತರದ ಕಬ್ಬಿಣದ ಬೇಲಿ ಕಟ್ಟಿ, ಕೆಳಗೆ ಜಾಲಿಮುಳ್ಳು ಸುತ್ತಿ. ಮೂರನೇ ವರ್ಷ ಕಾಂಡ ಮುಂಗೈ ದಪ್ಪವಾದಾಗ ಆ ಬೇಲಿ ಬಿಚ್ಚುವುದನ್ನು ಮರೆಯಬೇಡಿ. ತಂತಿ ಕಾಂಡದೊಳಗೆ ಹುದುಗಿದರೆ ಮತ್ತೆ ತೆಗೆಯಲು ಬರುವುದಿಲ್ಲ, ಗಾಳಿಗೆ ಮರ ಮುರಿಯುವುದು ಅದೇ ಜಾಗದಲ್ಲಿ.